ತೆರೆದ ಮೇಲ್ಛಾವಣಿಯ ಹಳೆಯ ಕಾರು: ಉಳಿಸಿಕೊಳ್ಳುವುದೇ, ಹೊಸದಾಗಿಸುವುದೇ?

ಊರಿನ ಮನೆಯ ಹಿಂಬದಿಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಹಳೆಯ ಕಾರು ನಮ್ಮ ಅನೇಕ ಕುಟುಂಬಗಳಿಗೆ ಅಪರಿಚಿತವಾದುದಲ್ಲ. ಮುಂಬಯಿ, ಪುಣೆ, ಮದರಾಸುಗಳಲ್ಲಿ ನೆಲೆನಿಂತ ಹಿರಿಯರು ಐವತ್ತು ಅರವತ್ತು ವರ್ಷಗಳ ಹಿಂದೆ ಆಸೆಪಟ್ಟು ಕೊಂಡ ವಾಹನವನ್ನು ನಿವೃತ್ತಿಯ ಕಾಲಕ್ಕೆ ಊರಿಗೆ ಸಾಗಿಸಿದ್ದುಂಟು. ಹಿರಿಯರು ಕಾಲವಾದ ಮೇಲೆ ಮನೆ, ತೋಟಗಳ ಪಾಲಿನ ಮಾತು ಬರುತ್ತದೆ. ಅದರೊಡನೆ ಕಾರಿನ ಮಾತೂ ಬರುತ್ತದೆ. ಗುಜರಿಗೆ ಹಾಕೋಣವೆಂದು ಒಬ್ಬರು, ಎಷ್ಟು ಖರ್ಚಾದರೂ ಹೊಸದರಂತೆ ಮಾಡಿಸೋಣವೆಂದು ಇನ್ನೊಬ್ಬರು, ಅಪ್ಪನ ನೆನಪು, ಇದ್ದಂತೆಯೇ ಇರಲಿ ಎಂದು ಮತ್ತೊಬ್ಬರು. ಮೂವರ ಮಾತಿನಲ್ಲಿಯೂ ಹುರುಳಿದೆ. ಆದರೆ ಈ ವಾದ ಬಹುಮಟ್ಟಿಗೆ ಕಾರನ್ನು ಸರಿಯಾಗಿ ನೋಡದೆಯೇ ನಡೆಯುತ್ತದೆ ಎಂಬುದು ನಮ್ಮ ಅನುಭವ. ಅದರಲ್ಲಿಯೂ ಛಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ತೆರೆದ ಕಾರಾಗಿದ್ದರೆ ನೋಡಬೇಕಾದ ಸಂಗತಿಗಳು ಇನ್ನೂ ಹೆಚ್ಚು. ಆದ್ದರಿಂದ ಒಂದು ನಿಜವಾದ ಮಾದರಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಾಮರ್ಶಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಮೊದಲು ಒಂದು ಮಾತಿನ ಅರ್ಥವನ್ನು ತಿಳಿಗೊಳಿಸಿಕೊಳ್ಳಬೇಕು. ಹಳೆಯದೆಲ್ಲವನ್ನೂ ‘ವಿಂಟೇಜ್’ ಎನ್ನುವುದು ನಮ್ಮಲ್ಲಿ ರೂಢಿ. ಬ್ರಿಟನ್ನಿನಲ್ಲಿ 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ 1930ರ ಅಂತ್ಯದೊಳಗೆ ತಯಾರಾದ ಕಾರುಗಳಿಗೆ ಮಾತ್ರ ಈ ಹೆಸರನ್ನು ಸಲ್ಲಿಸುತ್ತದೆ. ಭಾರತ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದುಬಂದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನವು ವಿಂಟೇಜ್ ಎನಿಸಿಕೊಳ್ಳುತ್ತದೆ. ನಮಗೆ ಕಾನೂನಿನ ದೃಷ್ಟಿಯಿಂದ ಮುಖ್ಯವಾದುದು ಈ ಎರಡನೆಯ ಅರ್ಥ. ‘ಮೂಲ ರೂಪದಲ್ಲಿಯೇ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೆ ಬರಲಿದೆ.

ನಾವು ಆರಿಸಿಕೊಂಡಿರುವ ಮಾದರಿ ಟ್ರಯಂಫ್ ಹೆರಾಲ್ಡ್. ನಮ್ಮ ಹಿರಿಯರಿಗೆ ಇದು ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂದೇ ಪರಿಚಿತ. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಈ ಕಾರಿನ ಆಕಾರವನ್ನು ರೂಪಿಸಿದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮರುವರ್ಷವೇ, ಅಂದರೆ 1960ರಲ್ಲಿ, ಅದರ ತೆರೆದ ಮಾದರಿ ಬಂದಿತು. ಮೊದಲಿಗೆ 948 ಸಿ.ಸಿ., 1961ರಿಂದ 1147 ಸಿ.ಸಿ. ಎಂಜಿನ್. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆಯು ಇದೇ ಕಾರನ್ನು 1961ರಿಂದ ನಮ್ಮಲ್ಲಿ ತಯಾರಿಸತೊಡಗಿತು. ಅಂಬಾಸಿಡರ್, ಫಿಯೆಟ್, ಹೆರಾಲ್ಡ್ – ಈ ಮೂರೇ ಹೆಸರುಗಳ ನಡುವೆ ಮಧ್ಯಮ ವರ್ಗದ ಆಯ್ಕೆ ಮುಗಿದುಹೋಗುತ್ತಿದ್ದ ಕಾಲವದು. ಪ್ರಪಂಚದಲ್ಲಿ ಒಟ್ಟು ಐದು ಲಕ್ಷಕ್ಕೂ ಮಿಕ್ಕಿ ಹೆರಾಲ್ಡುಗಳು ತಯಾರಾದವು. ಆದ್ದರಿಂದ ಇದೇನೂ ರಾಜಮಹಾರಾಜರ ಅಪೂರ್ವ ವಾಹನವಲ್ಲ. ಸಾಮಾನ್ಯ ಕುಟುಂಬಗಳ ಕಾರು. ನಮ್ಮ ಚರ್ಚೆಗೆ ಅದೇ ಸೂಕ್ತ.

ಹೆರಾಲ್ಡಿನ ರಚನೆಯಲ್ಲಿ ಒಂದು ವಿಶೇಷವಿದೆ. ಸ್ಟ್ಯಾಂಡರ್ಡ್-ಟ್ರಯಂಫ್ ಸಂಸ್ಥೆಗೆ ದೇಹದ ಭಾಗಗಳನ್ನು ಒದಗಿಸುತ್ತಿದ್ದ ಕಾರ್ಖಾನೆಯು ಪ್ರತಿಸ್ಪರ್ಧಿ ಸಂಸ್ಥೆಯ ವಶವಾದ ಕಾರಣ, ಬೇರೆ ಬೇರೆ ಕಡೆಗಳಲ್ಲಿ ಸಣ್ಣ ಸಣ್ಣ ಭಾಗಗಳನ್ನು ಮಾಡಿಸಿ, ಪ್ರತ್ಯೇಕವಾದ ಚಾಸಿಸ್‌ನ ಮೇಲೆ ಬೋಲ್ಟುಗಳಿಂದ ಜೋಡಿಸುವ ಉಪಾಯವನ್ನು ಅವರು ಕಂಡುಕೊಂಡರು. ಆ ವೇಳೆಗೆ ಇತರ ಕಾರುಗಳು ಚಾಸಿಸ್ಸನ್ನು ಬಿಟ್ಟು, ದೇಹವೇ ಭಾರ ಹೊರುವ ರಚನೆಗೆ ಬಂದಿದ್ದವು. ನಮ್ಮ ಅಂಬಾಸಿಡರ್, ಫಿಯೆಟ್‌ಗಳು ಆ ಬಗೆಯವು. ಅವುಗಳ ಛಾವಣಿಯನ್ನು ಕತ್ತರಿಸಿದರೆ ಪೆಟ್ಟಿಗೆಯ ಮುಚ್ಚಳ ಕಿತ್ತಂತೆ: ನಡು ಬಾಗುತ್ತದೆ, ಬಾಗಿಲುಗಳು ಬಿಗಿಯುತ್ತವೆ. ಹೆರಾಲ್ಡಿನ ಛಾವಣಿಯಾದರೋ ಬೋಲ್ಟುಗಳಿಂದ ಕೂರಿಸಿದ್ದು. ಸ್ಪ್ಯಾನರು ಹಿಡಿದವನು ಅದನ್ನು ಬಿಚ್ಚಿ ಕೆಳಗಿಳಿಸಬಲ್ಲನು.

ಈ ಅನುಕೂಲದಿಂದಲೇ ಒಂದು ತೊಡಕೂ ಹುಟ್ಟಿದೆ. ಛಾವಣಿ ಬಿಚ್ಚುವುದು ಅಷ್ಟು ಸುಲಭವಾದುದರಿಂದ, ಮುಚ್ಚಿದ ಕಾರಾಗಿ ಹುಟ್ಟಿ ಆಮೇಲೆ ಯಾರದೋ ಹುಮ್ಮಸ್ಸಿನಿಂದ ತೆರೆದ ಕಾರಾದ ಹೆರಾಲ್ಡುಗಳು ಬಹಳ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಖರ್ಚಾದೀತು’ ಎಂಬುದಲ್ಲ, ‘ಈ ಕಾರು ಹುಟ್ಟಿದ್ದು ಹೇಗೆ’ ಎಂಬುದು. ಬಾನೆಟ್ಟನ್ನು ಎತ್ತಿದರೆ ಒಳಗೋಡೆಯ ಮೇಲೆ ಸಣ್ಣದೊಂದು ಲೋಹದ ಫಲಕ ಕಾಣುತ್ತದೆ. ಇಂಗ್ಲೆಂಡಿನಲ್ಲಿ ತಯಾರಾದ ಹೆರಾಲ್ಡ್ 1200 ಕಾರಿನಲ್ಲಿ ಸಂಖ್ಯೆಯ ಹಿಂದೆ ‘ಜಿಎ’ ಎಂದೂ, ಸಂಖ್ಯೆಯ ಕೊನೆಗೆ ಮುಚ್ಚಿದ ಕಾರಾದರೆ ‘ಡಿಎಲ್’, ತೆರೆದ ಕಾರಾದರೆ ‘ಸಿವಿ’ ಎಂದೂ ಅಕ್ಷರಗಳಿರುತ್ತವೆ. ಫಲಕವನ್ನು ಉಜ್ಜಬಾರದು, ಬಣ್ಣ ಬಳಿಯಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆ ಸಂಖ್ಯೆಯನ್ನೂ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನೂ ನೋಂದಣಿ ಪುಸ್ತಕದೊಡನೆ ತಾಳೆ ನೋಡಬೇಕು. ಛಾವಣಿ ಆಮೇಲೆ ಬಿಚ್ಚಿದ್ದೆಂದು ತಿಳಿದುಬಂದರೆ ಕಾರಿಗೆ ಬೆಲೆಯಿಲ್ಲವೆಂದು ಅರ್ಥವಲ್ಲ. ಆದರೆ ಅದನ್ನು ‘ಮೂಲದಂತೆ’ ಮಾಡಿಸಲು ಹೊರಟವರು ಛಾವಣಿಯನ್ನು ಮರಳಿ ಕೂರಿಸುವ ವಿಚಾರವನ್ನೇ ಮೊದಲು ಮಾಡಬೇಕಾಗುತ್ತದೆ.

ಎರಡನೆಯದು ತುಕ್ಕು. ಕರಾವಳಿಯ ಮಳೆಗಾಲ, ಉಪ್ಪುಗಾಳಿ, ಮಣ್ಣುನೆಲದ ಶೆಡ್ಡು – ಇವು ಮೂರೂ ಸೇರಿದರೆ ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ಶತ್ರು ಬೇಕಿಲ್ಲ. ನೋಡುವವರ ಕಣ್ಣು ಸಾಮಾನ್ಯವಾಗಿ ಬಾನೆಟ್ಟಿನ ಮೇಲೆ, ಬಾಗಿಲಿನ ಮೇಲೆ ಇರುತ್ತದೆ. ಆದರೆ ಹೆರಾಲ್ಡಿನ ಬಾನೆಟ್ಟು, ರೆಕ್ಕೆ, ಬಾಗಿಲು, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ ಇವೆಲ್ಲ ಬಿಚ್ಚಿ ಬದಲಾಯಿಸಬಹುದಾದವು. ನಿಜವಾದ ಪ್ರಾಣವಿರುವುದು ಕೆಳಗೆ. ಚಾಸಿಸ್‌ನ ನಡುವೆ ಬೆನ್ನೆಲುಬಿನಂತೆ ಎರಡು ತೊಲೆಗಳು ಸಾಗುತ್ತವೆ. ಅವುಗಳಿಂದ ಪಕ್ಕಕ್ಕೆ ತೋಳುಗಳು ಚಾಚಿಕೊಂಡು ದೇಹವನ್ನು ಹೊರುತ್ತವೆ. ಆ ತೋಳುಗಳು, ಹಿಂಭಾಗದಲ್ಲಿ ಡಿಫರೆನ್ಷಿಯಲ್ಲನ್ನು ಹಿಡಿದಿರುವ ಜಾಗ, ಡಿಕ್ಕಿಯ ತಳ – ತುಕ್ಕು ತಿನ್ನುವುದು ಇಲ್ಲಿ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಗಣಗಣ ಎನ್ನುತ್ತದೆ, ಕೊಳೆತದ್ದು ಬೊದ್ದೆನ್ನುತ್ತದೆ. ಬಣ್ಣದಡಿ ಪುಟ್ಟಿ ಮೆತ್ತಿದ ಕಡೆ ಅಯಸ್ಕಾಂತ ಅಂಟುವುದಿಲ್ಲ.

ತೆರೆದ ಕಾರಿಗೆ ಇನ್ನೊಂದು ಪರೀಕ್ಷೆಯುಂಟು. ಬಾಗಿಲು ಮತ್ತು ಅದರ ಹಿಂದಿನ ರೆಕ್ಕೆಯ ನಡುವಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆಯೇ ಎಂದು ನೋಡಿ. ಆಮೇಲೆ ಒಂದು ಪಕ್ಕಕ್ಕೆ ಜಾಕು ಕೊಟ್ಟು ಎತ್ತಿ, ಅದೇ ಬಾಗಿಲನ್ನು ತೆರೆದು ಮುಚ್ಚಿ. ಸಲೀಸಾಗಿ ಮುಚ್ಚಿದರೆ ಬೆನ್ನೆಲುಬು ನೆಟ್ಟಗಿದೆ. ಸಿಕ್ಕಿಕೊಂಡರೆ, ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾದರೆ, ಚಾಸಿಸ್ ಬಾಗಿದೆ ಎಂದೇ ತಿಳಿಯಬೇಕು. ಛಾವಣಿಯಿದ್ದ ಕಾರಿನಲ್ಲಿ ಈ ದೋಷ ಸ್ವಲ್ಪಮಟ್ಟಿಗೆ ಮರೆಯಾಗುತ್ತದೆ, ತೆರೆದ ಕಾರಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಎಂಜಿನ್ ಕೆಟ್ಟಿದ್ದರೆ ಲೇತಿನವನ ಬಳಿ ಪರಿಹಾರವಿದೆ. ಸೀಟು ಹರಿದಿದ್ದರೆ ಕುಷನ್ ಕೆಲಸದವರಿದ್ದಾರೆ. ಚಾಸಿಸ್ ಕೊಳೆತಿದ್ದರೆ ಮಾತ್ರ ಕಾರಿಗೆ ಕಾರೇ ಬಿಚ್ಚಬೇಕು. ನಿರ್ಧಾರ ನಿಂತಿರುವುದು ಇದರ ಮೇಲೆ. ಎಂಜಿನ್ ಓಡುತ್ತದೆಯೇ ಎಂಬುದರ ಮೇಲಲ್ಲ.

ಹಾಗೆಂದು ಬಹಳ ವರ್ಷ ನಿಂತ ಎಂಜಿನ್ನನ್ನು ಕುತೂಹಲಕ್ಕಾಗಿ ಸೆಲ್ಫು ಹೊಡೆದು ನೋಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದಿಷ್ಟು ಎಣ್ಣೆ ಬಿಟ್ಟು, ಒಂದೆರಡು ದಿನ ಹಾಗೆಯೇ ಇರಿಸಿ, ಅನಂತರ ಕೈಯಿಂದ ತಿರುಗಿಸಿ ನೋಡುವುದು ಕ್ರಮ. ಹಳೆಯ ಪೆಟ್ರೋಲನ್ನು ಸಂಪೂರ್ಣವಾಗಿ ಹೊರತೆಗೆಯಬೇಕು. ಬ್ಯಾಟರಿಯನ್ನು ಜೋಡಿಸುವಾಗಲೂ ಎಚ್ಚರ ಬೇಕು: ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಅನೇಕವಕ್ಕೆ ಪಾಸಿಟಿವ್ ತಂತಿಯನ್ನು ದೇಹಕ್ಕೆ ಕೂಡಿಸುತ್ತಿದ್ದರು. ಇಂದಿನ ರೂಢಿ ಅದಕ್ಕೆ ತದ್ವಿರುದ್ಧ. ನೋಡದೆ ಜೋಡಿಸಿದರೆ ವಿದ್ಯುತ್ ಭಾಗಗಳು ಕೆಡುತ್ತವೆ.

ಇಷ್ಟು ತಿಳಿದ ಮೇಲೆ ದಾರಿಗಳನ್ನು ನೋಡೋಣ. ಚಾಸಿಸ್ ಗಟ್ಟಿಯಾಗಿದ್ದು, ಬಣ್ಣ ಮಾಸಿದ್ದರೂ ಕಾರ್ಖಾನೆಯದೇ ಆಗಿದ್ದು, ಸೀಟಿನ ರೆಕ್ಸಿನ್ನು ಸವೆದಿದ್ದರೂ ಮೊದಲಿನದೇ ಆಗಿದ್ದರೆ, ನಮ್ಮ ಸಲಹೆ ಸ್ಪಷ್ಟ: ಅದನ್ನು ಹೊಸದಾಗಿಸಬೇಡಿ. ತುಕ್ಕನ್ನು ತಡೆಯಿರಿ, ಬ್ರೇಕು, ಟೈರು, ಪೆಟ್ರೋಲಿನ ಕೊಳವೆಗಳನ್ನು ಬದಲಾಯಿಸಿ, ಓಡಿಸಲು ಸುರಕ್ಷಿತವಾಗಿಸಿ, ಅಷ್ಟಕ್ಕೆ ನಿಲ್ಲಿಸಿ. ಬಣ್ಣವನ್ನು ಎಷ್ಟು ಬಾರಿ ಬೇಕಾದರೂ ಹೊಡೆಸಬಹುದು; ಮೊದಲ ಬಣ್ಣ ಒಮ್ಮೆ ಹೋದರೆ ಹೋಯಿತು. ಇದು ನಮ್ಮೊಬ್ಬರ ಅಭಿಪ್ರಾಯವಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ತಿರುಳೂ ಇದೇ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನಿಂದ ಪ್ರೇರಣೆ ಪಡೆದ ಈ ಸನ್ನದು, ಇರುವುದನ್ನು ಕಾಪಾಡುವುದಕ್ಕೆ ಮೊದಲ ಸ್ಥಾನ ಕೊಟ್ಟು, ಹೊಸದಾಗಿ ಸೇರಿಸಿದ್ದನ್ನು ಮುಂದೆ ತೆಗೆಯಲು ಬರುವಂತೆ ಇರಿಸಬೇಕೆನ್ನುತ್ತದೆ. ಹಳೆಯ ಗುಡಿಯ ಕಲ್ಲಿನ ಕೆತ್ತನೆಗೆ ಎಣ್ಣೆ ಬಣ್ಣ ಬಳಿದದ್ದನ್ನು ಕಂಡು ಮರುಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಪೆಬಲ್ ಬೀಚಿನಂತಹ ಪ್ರತಿಷ್ಠಿತ ಪ್ರದರ್ಶನದಲ್ಲಿಯೂ ಹೊಸದಾಗಿಸದೆ ಉಳಿಸಿಕೊಂಡ ಕಾರುಗಳಿಗೆ ಪ್ರತ್ಯೇಕ ವರ್ಗವಿದೆ.

ಚಾಸಿಸ್ ಕೊಳೆತಿದ್ದರೆ ಮಾತು ಬೇರೆ. ಆಗ ಪೂರ್ಣ ಜೀರ್ಣೋದ್ಧಾರ, ಇಲ್ಲವೇ ಏನೂ ಇಲ್ಲ. ನಡುವಣ ದಾರಿಯೆಂದು ಕಂಡದ್ದು, ಅಂದರೆ ತಳ ಕೊಳೆತ ಕಾರಿಗೆ ಮೇಲಿನಿಂದ ಹೊಳೆಯುವ ಬಣ್ಣ ಹೊಡೆಸುವುದು, ಎಲ್ಲಕ್ಕಿಂತ ದುಬಾರಿ. ಎರಡು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಗಳೇಳುತ್ತವೆ, ಖರ್ಚು ಮಾಡಿದ ಹಣ ನೀರಾಗುತ್ತದೆ. ಪೂರ್ಣ ಜೀರ್ಣೋದ್ಧಾರಕ್ಕೆ ಇಳಿಯುವವರಿಗೆ ಇನ್ನೊಂದು ಮಾತು: ಹೆರಾಲ್ಡಿನಂತಹ ಸಾಮಾನ್ಯ ಕಾರಿಗೆ ಸುರಿದ ಹಣ ಮಾರಾಟದಲ್ಲಿ ಮರಳಿ ಬರುವುದು ವಿರಳ. ಹೂಡಿಕೆಯೆಂದು ಹೇಳಿ ಅಣ್ಣತಮ್ಮಂದಿರನ್ನು ಒಪ್ಪಿಸುವುದು ಬೇಡ. ಪ್ರೀತಿಗಾಗಿ ಮಾಡುವ ಖರ್ಚೆಂದು ಒಪ್ಪಿಕೊಂಡರೆ ಆಮೇಲೆ ಮನಸ್ತಾಪಕ್ಕೆ ಎಡೆಯಿರದು.

ಕೆಲಸದ ವಿಧಾನದಲ್ಲಿ ತೆರೆದ ಕಾರಿಗೆ ಮಾತ್ರ ಅನ್ವಯಿಸುವ ಒಂದು ನಿಯಮವುಂಟು. ಅದನ್ನು ಮೀರಿ ಕೆಟ್ಟ ಕಾರುಗಳು ಹಲವು. ದೇಹವನ್ನು ಚಾಸಿಸ್‌ನಿಂದ ಎತ್ತುವ ಮೊದಲು, ಎರಡೂ ಬಾಗಿಲುಗಳ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬೆಸುಗೆ ಹಾಕಿ ಬಿಗಿಗೊಳಿಸಬೇಕು. ಛಾವಣಿಯಿಲ್ಲದ ದೇಹಕ್ಕೆ ಮುಂಭಾಗ ಹಿಂಭಾಗಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ಬಿಗಿಗೊಳಿಸದೆ ಎತ್ತಿದರೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಆಮೇಲೆ ಯಾವ ಬಾಗಿಲೂ ಕೂಡುವುದಿಲ್ಲ. ತುಕ್ಕು ಹಿಡಿದ ತೋಳುಗಳನ್ನು ಕೂಡ ಒಂದೊಂದಾಗಿ ಕತ್ತರಿಸಿ ಬದಲಾಯಿಸಬೇಕೇ ಹೊರತು ಎಲ್ಲವನ್ನೂ ಒಮ್ಮೆಗೇ ಅಲ್ಲ; ಅಳತೆ ತಪ್ಪದಿರುವುದು ಹಾಗೆ. ಬಣ್ಣ ಹೊಡೆಯುವ ಮೊದಲು ಬಾಗಿಲು, ಬಾನೆಟ್ಟು ಎಲ್ಲವನ್ನೂ ಒಮ್ಮೆ ಜೋಡಿಸಿ ಸಂದು ನೋಡಿ, ಮತ್ತೆ ಬಿಚ್ಚಿ ಬಣ್ಣಕ್ಕೆ ಕಳುಹಿಸಬೇಕು. ಬಿಚ್ಚಿದ ಪ್ರತಿಯೊಂದು ಬೋಲ್ಟಿಗೂ ಚೀಟಿ, ಪ್ರತಿಯೊಂದು ಹಂತಕ್ಕೂ ಚಿತ್ರ ಇರಬೇಕು. ವರ್ಷಗಟ್ಟಲೆ ನಿಂತುಹೋದ ಕೆಲಸಗಳಲ್ಲಿ ಬಹುಪಾಲು ನಿಂತದ್ದು ಹಣವಿಲ್ಲದೆ ಎಂಬುದಕ್ಕಿಂತ, ಯಾವುದು ಎಲ್ಲಿಯದೆಂದು ತಿಳಿಯದೆ.

ಹೆರಾಲ್ಡಿಗೇ ವಿಶಿಷ್ಟವಾದ ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಮುಂದಿನ ಚಕ್ರಗಳು ತಿರುಗುವ ಕೀಲಿನ ಕೆಳಗಡೆ ‘ಟ್ರನಿಯನ್’ ಎಂಬ ಹಿತ್ತಾಳೆಯ ಬಣ್ಣದ ಭಾಗವಿದೆ. ಅದಕ್ಕೆ ಹಾಕಬೇಕಾದುದು ಗ್ರೀಸಲ್ಲ, ಗೇರ್ ಆಯಿಲ್. ಎಲ್ಲೆಡೆ ಗ್ರೀಸ್ ಒತ್ತಿಯೇ ರೂಢಿಯಾದ ಗ್ಯಾರೇಜಿನಲ್ಲಿ ಇದಕ್ಕೂ ಗ್ರೀಸನ್ನೇ ಒತ್ತುತ್ತಾರೆ. ಗ್ರೀಸು ಒಳಗಿನ ತಿರುಪಿನವರೆಗೆ ತಲುಪುವುದಿಲ್ಲ. ಒಣಗಿ, ತುಕ್ಕು ಹಿಡಿದು, ಒಂದು ದಿನ ಕೀಲು ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಹಿಂದಿನ ಚಕ್ರಗಳ ವ್ಯವಸ್ಥೆಯೂ ತುಸು ತಾಳ್ಮೆ ಬೇಡುವಂಥದು: ವೇಗವಾಗಿ ತಿರುವು ತೆಗೆದುಕೊಳ್ಳುತ್ತ ಒಮ್ಮೆಲೇ ಬ್ರೇಕು ಹಾಕಿದರೆ ಚಕ್ರ ಒಳಗೆ ಮಡಚಿ ಕಾರು ಜಾರುವ ಸಂಭವವಿದೆ. ಮದರಾಸಿನ ಸಂಸ್ಥೆಯು 1972ರಲ್ಲಿ ಹೆರಾಲ್ಡಿನ ಜಾಗಕ್ಕೆ ತಂದ ‘ಗೆಜೆಲ್’ ಕಾರಿನಲ್ಲಿ ಈ ವ್ಯವಸ್ಥೆಯನ್ನು ಬಿಟ್ಟು ಗಟ್ಟಿ ಆಕ್ಸಲ್ ಹಾಕಿತು. ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಹೆರಾಲ್ಡಿನವರು ಪುಣ್ಯವಂತರು. 1962ರ ಟ್ರಯಂಫ್ ಸ್ಪಿಟ್‌ಫೈರ್ ಇದೇ ಯಂತ್ರಭಾಗಗಳ ಮೇಲೆ ನಿಂತ ಕಾರಾದುದರಿಂದ ಬ್ರಿಟನ್ನಿನಲ್ಲಿ ಇಂದಿಗೂ ಹೊಸ ಭಾಗಗಳು ತಯಾರಾಗುತ್ತವೆ. ಸಾಗಣೆ, ಸುಂಕಗಳನ್ನು ಲೆಕ್ಕಕ್ಕೆ ಹಿಡಿದು, ಬೇಕಾದುದೆಲ್ಲದರ ಪಟ್ಟಿ ಮಾಡಿ ಒಟ್ಟಿಗೆ ತರಿಸುವುದು ಲೇಸು.

ಪೆಟ್ರೋಲಿನ ವಿಷಯವೂ ಬದಲಾಗಿದೆ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲು ಬಂದಿತು. ಹಳೆಯ ಎಂಜಿನ್ನುಗಳ ವಾಲ್ವು ಕೂರುವ ಜಾಗಕ್ಕೆ ಸೀಸವೇ ರಕ್ಷಣೆಯಾಗಿದ್ದುದರಿಂದ, ಎಂಜಿನ್ ಬಿಚ್ಚಿದಾಗ ಅಲ್ಲಿ ಗಟ್ಟಿ ಲೋಹದ ಬಳೆಗಳನ್ನು ಕೂರಿಸುವುದು ಒಳ್ಳೆಯದು. 2025ರ ವೇಳೆಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಎಲ್ಲೆಡೆ ವ್ಯಾಪಿಸಿತು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕಿನ ಒಳಗೆ ತುಕ್ಕು ತರಿಸುತ್ತದೆ. ಅದನ್ನು ತಡೆದುಕೊಳ್ಳುವ ಕೊಳವೆಗಳನ್ನು ಹಾಕಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬೊರೇಟರುಗಳನ್ನು ಬರಿದು ಮಾಡಬೇಕು. ಬಿಸಿ ಎಂಜಿನ್ನಿನ ಮೇಲೆ ಸೋರುವ ಪೆಟ್ರೋಲು ಬೆಂಕಿಗೆ ಕರೆ.

ಇನ್ನು ಕಾಗದಪತ್ರಗಳು. ರಿಂಚು ಹಿಡಿಯುವ ಮೊದಲೇ ಇವು ನೇರವಾಗಬೇಕು. ಮಾಲೀಕರು ತೀರಿಕೊಂಡಾಗ ಮೂವತ್ತು ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಉತ್ತರಾಧಿಕಾರಿಯ ಹೆಸರಿಗೆ ವರ್ಗಾಯಿಸಿಕೊಳ್ಳಬೇಕೆಂಬುದು ನಿಯಮ. ಇಪ್ಪತ್ತು ವರ್ಷ ಕಳೆದರೂ ಅಪ್ಪನ ಹೆಸರಿನಲ್ಲಿಯೇ ಉಳಿದ ಕಾರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಉಳಿದ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಯಾರ ಹೆಸರಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಕಾರು ಚೆಂದವಾದ ಮೇಲೆ ಎಲ್ಲರಿಗೂ ಅದರ ಮೇಲೆ ಹಕ್ಕು ನೆನಪಾಗುತ್ತದೆ! ಬೇರೆ ರಾಜ್ಯಕ್ಕೆ ಸಾಗಿಸಿ ಅಲ್ಲಿಯೇ ಇರಿಸುವುದಾದರೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವೂ ಬೇಕು.

ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು 2021ರ ನಿಯಮಗಳು ಗೊತ್ತುಮಾಡಿದವು. ಒಮ್ಮೆ ನೋಂದಾಯಿಸಿದರೆ ಹತ್ತು ವರ್ಷ. ಹೊಸದಾಗಿ ನೋಂದಾಯಿಸುವ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ. ಮೊದಲೇ ನೋಂದಾಯಿತವಾದುದು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ‘ಎಂವೈ’ ಎಂದು ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಯನ್ನು ಹೊತ್ತ ಕಾರಿದ್ದವರಿಗೆ ಇದು ಸಣ್ಣ ಲಾಭವಲ್ಲ. ಆದರೆ ವಿಂಟೇಜ್ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ – ಇವಿಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. ಚಾಸಿಸ್, ದೇಹ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದೆಂಬ ಷರತ್ತೂ ಇದೆ. ಛಾವಣಿ ಬಿಚ್ಚಿದ ಕಾರು, ಬೇರೆ ಕಾರಿನ ಡೀಸೆಲ್ ಎಂಜಿನ್ ಕೂರಿಸಿದ ಕಾರು ಇಲ್ಲಿ ಎಡವುವುದು ಸಹಜ. ‘ಹೆಚ್ಚು ಮೈಲೇಜು ಬರುತ್ತದೆ, ಎಂಜಿನ್ ಬದಲಾಯಿಸಿಬಿಡೋಣ’ ಎನ್ನುವ ಮೆಕ್ಯಾನಿಕ್ಕರ ಮಾತಿಗೆ ತಲೆದೂಗುವ ಮೊದಲು ಈ ಷರತ್ತನ್ನು ಒಮ್ಮೆ ಓದಿಕೊಳ್ಳಬೇಕು. ದೆಹಲಿಯ ನಮ್ಮ ಬಾಂಧವರು ಹಳೆಯ ವಾಹನಗಳ ಮೇಲೆ ಅಲ್ಲಿರುವ ವಿಶೇಷ ನಿರ್ಬಂಧಗಳನ್ನು ಆರ್.ಟಿ.ಓ.ದಲ್ಲಿ ವಿಚಾರಿಸದೆ ಊರಿನಿಂದ ಕಾರನ್ನು ತರಿಸಿಕೊಳ್ಳದಿರುವುದು ಕ್ಷೇಮ.

ಒಳ್ಳೆಯ ಕೆಲಸ ಹೇಗಿರುತ್ತದೆಂದು ಕಣ್ಣಾರೆ ನೋಡಿದರೆ ತೀರ್ಮಾನ ಸುಲಭವಾಗುತ್ತದೆ. ಊರಿಗೆ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನೂ, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ ‘ಪಯಣ’ವನ್ನೂ ನೋಡಬಹುದು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ 1964ರಲ್ಲಿ ಆರಂಭವಾದುದು. ಅಹಮದಾಬಾದಿನ ಸಮೀಪ ಕಠವಾಡಾದಲ್ಲಿ ದೊಡ್ಡದೊಂದು ಸಂಗ್ರಹವಿದೆ. ಅಲ್ಲೆಲ್ಲ ಹೊಳಪನ್ನಷ್ಟೇ ನೋಡಿ ಬರಬಾರದು. ಬಾಗಿಲಿನ ಸಂದು, ಬಟ್ಟೆಯ ಛಾವಣಿಯ ಹೊಲಿಗೆ, ಅದರ ಹಿಂಗಿಟಕಿ ಇವನ್ನು ಗಮನಿಸಿ.

ಛಾವಣಿಯ ಬಟ್ಟೆಯ ಬಗ್ಗೆ ಒಂದು ಮಾತು ಉಳಿದಿದೆ. ಅದನ್ನು ಕೊನೆಯಲ್ಲಿಯೇ ಹಾಕಿಸಬೇಕು, ಬಾಗಿಲು ಗಾಜುಗಳೆಲ್ಲ ಸರಿಯಾಗಿ ಕೂತ ಮೇಲೆ. ಬಿಸಿಲು ಚೆನ್ನಾಗಿರುವ ದಿನ ಕೂರಿಸಿದರೆ ಬಟ್ಟೆ ಹಿಗ್ಗಿ ಸುಕ್ಕಿಲ್ಲದೆ ಬರುತ್ತದೆ. ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಊರಿನಲ್ಲಿಯೇ ಇಡುವುದಾದರೆ ಶೆಡ್ಡಿಗೆ ಸಿಮೆಂಟಿನ ನೆಲ ಹಾಕಿಸಿ, ಗಾಳಿಯಾಡಲು ಎರಡು ಕಡೆ ಜಾಲರಿ ಬಿಡಿ. ಪ್ಲಾಸ್ಟಿಕ್ ಟಾರ್ಪಾಲನ್ನು ಮಾತ್ರ ಕಾರಿನ ಮೈಗೆ ತಾಗುವಂತೆ ಹೊದಿಸಬೇಡಿ. ಅದರಡಿ ಬೆವರುವ ತೇವವೇ ಮಳೆಗಿಂತ ಹೆಚ್ಚು ತುಕ್ಕು ತರುತ್ತದೆ. ಹತ್ತಿಯ ಹಳೆಯ ಬೆಡ್‌ಶೀಟು ಸಾಕು.